ದವಡೆಯ ಅಂಚಿನ ಗೆರೆ

"ಗಟ್ಟಿದಾ, ಮೆತ್ತಂದಾ?" ಎಂದು ತೋಫು ಅಂಗಡಿಯ ಅಜ್ಜಿ ಎರಡನೆಯ ಸಲ ಕೇಳಿದಾಗಲೂ ತೊರಿಗೊಯೆಯ ಕಿವಿಯಲ್ಲಿದ್ದದ್ದು ಬೇರೆಯೇ ಸದ್ದು. ಟಕ್. ಅಷ್ಟೇ. ಉಗುರಿನಿಂದ ಲೋಟದ ಅಂಚಿಗೆ ತಟ್ಟಿದಷ್ಟು ಸಣ್ಣದು. ಏಳು ವರ್ಷದ ಹಿಂದೆ ಲ್ಯಾಬಿನಲ್ಲಿ, ಎಳೆಯುವ ಯಂತ್ರದ ಎರಡು ದವಡೆಗಳ ನಡುವೆ ಬೆರಳುದ್ದದ ಅಲ್ಯೂಮಿನಿಯಂ ತುಣುಕೊಂದು ಬಿಗಿದುಕೊಂಡು ನಿಂತಿದ್ದಾಗ ಕೇಳಿಸಿದ್ದು. ಆಮೇಲೆ ಮರೆತೂ ಹೋಗಿತ್ತು. ಈ ಚಳಿಗಾಲದಲ್ಲಿ ಮತ್ತೆ ಶುರುವಾಗಿದೆ. ಹಲ್ಲುಜ್ಜುವಾಗ, ರೈಲಿನ ಬಾಗಿಲು ಮುಚ್ಚುವಾಗ, ಹೆಂಡತಿ ಒಲೆ ಹಚ್ಚುವಾಗ. ತೊಟ್ಟಿಯ ತಣ್ಣೀರಿನಲ್ಲಿ ಸೋಯಾ ಹಾಲು ಒಡೆಸಿ ಮಾಡಿದ ಬಿಳಿ ಗಡ್ಡೆಗಳು ಅಲುಗಾಡದೆ ಕೂತಿದ್ದವು. ಅವುಗಳಿಗೆ ಯಾವ ಯೋಚನೆಯೂ ಇಲ್ಲ ಎಂದು ಅವನಿಗೆ ಹೊಟ್ಟೆಕಿಚ್ಚಾಯಿತು. "ಮೆತ್ತಂದು" ಎಂದುಬಿಟ್ಟ. "ಎಷ್ಟು ಮಂದಿಗೆ?" "ಲ್ಯಾಬಿಗೆ, ದೊಡ್ಡದು ಕೊಡಿ." ಅಜ್ಜಿಯ ಮುಖ ಅರಳಿತು. "ಓಹೋ, ತಗಡು ಚುಚ್ಚೋರು ನೀವೇನಾ! ಪ್ರತಿ ವರ್ಷ ಒಬ್ರು ಹೆಂಗಸು ಬರ್ತಿದ್ರಲ್ಲಪ್ಪ. ನಿನ್ನ ಮುಖ ನೋಡಿದ್ರೆ ಪೂಜೆಗಲ್ಲ, ಸಾವಿನ ಮನೆಗೆ ತಗೊಂಡು ಹೋಗೋ ಹಾಗಿದೆ." ಅವನು ನಗಬೇಕಿತ್ತು. ಚಿಲ್ಲರೆಯನ್ನು ತಪ್ಪು ಜೇಬಿಗೆ ಹಾಕಿಕೊಂಡು, ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಗುಡ್ಡದ ಹಾದಿ ಹಿಡಿದ.

ಫೆಬ್ರವರಿಯ ಎಂಟನೆಯ ತಾರೀಖು ಮುರಿದ ಸೂಜಿಗಳಿಗೆ ವಿಶ್ರಾಂತಿ ಕೊಡುವ ದಿನ. ವರ್ಷವಿಡೀ ಗಟ್ಟಿ ಬಟ್ಟೆಯನ್ನು ಚುಚ್ಚಿ ಚುಚ್ಚಿ ಸವೆದ ಸೂಜಿಯನ್ನು ಕೊನೆಗೊಮ್ಮೆ ಮೆತ್ತಗಿನ ತೋಫುವಿನಲ್ಲಿ ನಿಲ್ಲಿಸಿ ಕೈಮುಗಿಯುತ್ತಾರೆ. ಲ್ಯಾಬಿನ ಗುರು ಕನೆಶಿಗೆ ಸೆನ್ಸೇಯ ತಾಯಿ ಒಸಾಕಾದಲ್ಲಿ ಕಿಮೋನೊ ಹೊಲಿದು ಮಗನನ್ನು ಓದಿಸಿದವರು. ಸೆನ್ಸೇ ಪ್ರೊಫೆಸರ್ ಆದ ವರ್ಷವೇ ಈ ಪದ್ಧತಿಯನ್ನು ಲ್ಯಾಬಿಗೆ ತಂದರು. ಇಲ್ಲಿ ಸೂಜಿಯ ಬದಲು ವರ್ಷವಿಡೀ ಯಂತ್ರ ಎಳೆದು ತುಂಡು ಮಾಡಿದ ಲೋಹದ ತುಣುಕುಗಳು. ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಮೊದಲ ವರ್ಷ ಬಾಯಿ ಮುಚ್ಚಿಕೊಂಡು ನಗುತ್ತಾರೆ, ಎರಡನೆಯ ವರ್ಷ ತಾವೇ ತುಣುಕು ಆರಿಸಿ ಒರೆಸಿ ತರುತ್ತಾರೆ. ತೊರಿಗೊಯೆ ಮೊದಲ ವರ್ಷವೂ ನಕ್ಕಿರಲಿಲ್ಲ. ನಲವತ್ತು ದಾಟಿದರೂ ಸಹಾಯಕನಾಗಿಯೇ ಉಳಿದವನು ಅವನು; ನಗುವುದನ್ನು ಯಾವಾಗಲೂ ಬೇರೆಯವರು ಶುರುಮಾಡಲಿ ಎಂದು ಕಾಯುವ ಜಾತಿ. ಈ ವರ್ಷ ಸೆನ್ಸೇಗೆ ನಿವೃತ್ತಿ. ಮಾರ್ಚಿನಲ್ಲಿ ಅವರ ಕೊನೆಯ ಉಪನ್ಯಾಸ. ದೊಡ್ಡ ಸಭಾಂಗಣ, ಹಳೆಯ ಶಿಷ್ಯರು, ಹೂವು, ಕೊನೆಗೆ ಊಟ. ಪರದೆಯ ಮೇಲೆ ಮೊದಲಿಗೆ ಬರುವುದು ಯಾವ ಚಿತ್ರ ಎಂದು ಎಲ್ಲರಿಗೂ ಗೊತ್ತು. ತೊರಿಗೊಯೆಯ ವಕ್ರರೇಖೆ, ಎಳೆದಂತೆಲ್ಲ ಲೋಹ ತಡೆಯುವ ಬಲದ ಲೆಕ್ಕ. ನೆಟ್ಟಗೆ ಮೇಲೇರಿ, ತುದಿಯಲ್ಲಿ ಸರಕ್ಕನೆ ಇಳಿದು, ಮತ್ತೆ ಸಮತಟ್ಟಾಗಿ ದೂರ ಸಾಗುವ ರೇಖೆ. ಆ ಇಳಿತವೇ ಅವರ ಲ್ಯಾಬಿಗೆ ಹೆಸರು ತಂದದ್ದು, ಅದರಿಂದಲೇ ಊರೂರಿಗೆ ಕರೆ ಬಂದದ್ದು. ಮತ್ತು ಆ ಇಳಿತ ಸುಳ್ಳಿರಬಹುದು.

ಗುಡ್ಡದ ಮಧ್ಯೆ ಉಸಿರು ಹತ್ತಿ ನಿಂತ. ಡಬ್ಬಿಯೊಳಗೆ ನೀರು ತುಳುಕಿತು. ಅಸಿಟೋನಿನ ವಾಸನೆ ಎಲ್ಲಿಂದಲೋ ಮೂಗಿಗೆ ಬಂದ ಹಾಗಾಯಿತು. ಆ ದಿನಗಳಲ್ಲಿ ಲ್ಯಾಬಿನ ಕೆಳಮನೆಯಲ್ಲಿ ಲೋಹ ಲಟ್ಟಿಸುವ ಯಂತ್ರ ಇನ್ನೂ ಇತ್ತು. ಒಂದು ಮೆದು ಅಲ್ಯೂಮಿನಿಯಂ ಹಾಳೆ, ಒಂದು ಮೆಗ್ನೀಸಿಯಂ ಬೆರೆಸಿದ ಗಟ್ಟಿ ಹಾಳೆ. ಎರಡನ್ನೂ ಅಸಿಟೋನಿನಲ್ಲಿ ಒರೆಸಿ, ತಂತಿಯ ಬ್ರಷ್ಷಿನಿಂದ ಮೈ ಕೆರೆದು, ಬೆರಳು ತಾಗಿಸದೆ ಒಂದರ ಮೇಲೊಂದಿಟ್ಟು ಉರುಳೆಗಳ ಬಾಯಿಗೆ ಕೊಡುವುದು. ಅರ್ಧ ದಪ್ಪಕ್ಕೆ ಇಳಿದು ಒಂದೇ ಹಾಳೆಯಾಗಿ ಹೊರಗೆ ಬರುತ್ತದೆ. ಮತ್ತೆ ನಡುವೆ ಕತ್ತರಿಸು, ಕೆರೆ, ಜೋಡಿಸು, ಲಟ್ಟಿಸು. ಪದರಗಳು ದುಪ್ಪಟ್ಟು ದುಪ್ಪಟ್ಟಾಗಿ ನೂರು ದಾಟುತ್ತವೆ. ಲೋಹದೊಳಗಿನ ಹರಳಿನ ಕಾಳು ನುಗ್ಗಾಗಿ, ಸೂಕ್ಷ್ಮದರ್ಶಕದಲ್ಲೂ ಕಣ್ಣು ಕಿರಿದು ಮಾಡಿ ನೋಡಬೇಕಾದಷ್ಟು ಸಣ್ಣದಾಗುತ್ತದೆ. "ಉಸಿರು ಬಿಡ್ಬೇಡ ಅದರ ಮೇಲೆ! ಉಸಿರಿನ ಪಸೆ ಸಾಕು, ಪದರ ಬಿಡೋಕೆ" ಎಂದು ಸೆನ್ಸೇ ಗದರುತ್ತಿದ್ದರು, ತೋಳು ಮಡಿಚಿ ತಾವೇ ಬ್ರಷ್ ತಿಕ್ಕುತ್ತಾ. ಹಾಗೆ ಉಸಿರು ಹಿಡಿದು ಹಿಡಿದೇ ಅವನ ಯೌವನ ಕಳೆಯಿತು. ಕೊನೆಗೆ ಒಂದೇ ಒಂದು ಹಾಳೆ ಎಲ್ಲೂ ಬಿಡದೆ, ಸೀಳದೆ ಸರಿಯಾಗಿ ಬಂತು. ಆಮೇಲೆ ಕೆಳಮನೆಯನ್ನು ಬೇರೆ ವಿಭಾಗಕ್ಕೆ ಕೊಟ್ಟರು, ಲಟ್ಟಿಸುವ ಯಂತ್ರ ಗುಜರಿಗೆ ಹೋಯಿತು. ಆ ಹಾಳೆಯಲ್ಲಿ ಕತ್ತರಿಸಿದ್ದ ತುಣುಕುಗಳಲ್ಲಿ ಒಂದು ಮಾತ್ರ ಉಳಿಯಿತು. ಅದು ಸೆನ್ಸೇಯ ಹತ್ತಿರ, ನೆನಪಿಗೆ.

ಲ್ಯಾಬಿನಲ್ಲಿ ಒಂದು ನಿಯಮವಿದೆ. ತುಣುಕಿನ ಎರಡು ತುದಿಗಳನ್ನು ದವಡೆಗೆ ಕೊಟ್ಟು ಬಿಗಿದ ಮೇಲೆ, ಎಳೆಯುವ ಮುಂಚೆ, ದವಡೆಯ ಅಂಚಿಗೆ ಸರಿಯಾಗಿ ತುಣುಕಿನ ಮೇಲೆ ಕಪ್ಪು ಪೆನ್ನಿನಲ್ಲಿ ಒಂದು ಗೆರೆ ಎಳೆಯಬೇಕು. ದವಡೆ ಜಾರಿದರೂ ರೇಖೆ ಹಾಗೇ ಸರಕ್ಕನೆ ಇಳಿಯುತ್ತದೆ; ಆದರೆ ಆಗ ಗೆರೆ ಅಂಚನ್ನು ಬಿಟ್ಟು ಹೊರಗೆ ಬರುತ್ತದೆ, ಮೋಸ ಬಯಲಾಗುತ್ತದೆ. ಎಳೆಯ ವಿದ್ಯಾರ್ಥಿಯೂ ಮರೆಯದ ಕೆಲಸ. ಏಳು ವರ್ಷದ ಹಿಂದಿನ ಆ ಮಧ್ಯಾಹ್ನ ತೊರಿಗೊಯೆ ಮರೆತಿದ್ದ. ಪೆನ್ನು ಕೈಯಲ್ಲೇ ಇತ್ತು. ಫೋನ್ ಬಂತು, ಹೆಂಡತಿಗೆ ಹೆರಿಗೆ ನೋವು ಶುರುವಾಗಿದೆಯೆಂದು ಅತ್ತೆ ಹೇಳಿದರು, ಇನ್ನೂ ಹೊತ್ತಿದೆ ನಿಧಾನಕ್ಕೆ ಬಾ ಎಂದೂ ಹೇಳಿದರು, ಅವನು ಪೆನ್ನನ್ನು ಜೇಬಿಗೆ ಸಿಕ್ಕಿಸಿ ಗುಂಡಿ ಒತ್ತಿದ. ಟಕ್ ಎಂದಿತು, ರೇಖೆ ಇಳಿಯಿತು. ಅಷ್ಟರಲ್ಲಿ ಹಿಂದೆ ಬಂದು ನಿಂತಿದ್ದ ಸೆನ್ಸೇ ಅವನ ಹೆಗಲನ್ನು ಎಷ್ಟು ಗಟ್ಟಿಯಾಗಿ ಹಿಡಿದರೆಂದರೆ ನೋವಾಯಿತು. ಮಗಳು ಹುಟ್ಟಿದ ದಿನ, ಇಳಿತ ಹುಟ್ಟಿದ ದಿನ. ಎರಡು ಸಂತೋಷ ಒಟ್ಟಿಗೆ ಬಂದಾಗ ಯಾರಿಗೆ ಗೆರೆಯ ನೆನಪು? ಉಳಿದ ತುಣುಕುಗಳನ್ನು ಬಿಸಿ ಮಾಡಿ, ತಣ್ಣಗೆ ಮಾಡಿ ಬೇರೆ ಬೇರೆ ಪರೀಕ್ಷೆಗೆ ಹಾಕಿಬಿಟ್ಟರು; ಏನೂ ಮಾಡದೆ ಎಳೆದದ್ದು ಅದೊಂದನ್ನೇ. ಹಾಗಿದ್ದರೂ ಬದುಕು ನಡೆಯುತ್ತಿತ್ತು. ಕಳೆದ ಡಿಸೆಂಬರಿನಲ್ಲಿ ಯಂತ್ರದ ಹಳೆಯ ದವಡೆಗಳನ್ನು ಬದಲಾಯಿಸಿದಾಗ ಅವನೇ ಅವನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡಿದ. ಒಂದರ ಹಲ್ಲುಗಳು ಒಂದು ಪಕ್ಕಕ್ಕೆ ಸವೆದು ನುಣ್ಣಗೆ ಹೊಳೆಯುತ್ತಿದ್ದವು. ಯಾವಾಗಿನಿಂದ ಸವೆದಿವೆಯೋ ದೇವರೇ ಬಲ್ಲ. ಅವತ್ತಿನಿಂದ ಕಿವಿಯಲ್ಲಿ ಟಕ್.

"ಅಯ್ಯೋ ದೇವರೇ, ಏನಿದು ತೊರಿಗೊಯೆ-ಸಾನ್!" ಉಬುಕಾತಾ-ಸಾನ್ ಡಬ್ಬಿಯ ಮುಚ್ಚಳ ತೆಗೆದು ಹೌಹಾರಿದರು. ಲ್ಯಾಬಿನ ಕಾರ್ಯದರ್ಶಿ ಅವರು. ಪ್ರತಿ ವರ್ಷ ತೋಫು ತರುತ್ತಿದ್ದದ್ದು ಅವರೇ, ಈ ಸಲ ಮಂಡಿನೋವು. ಪಿಂಗಾಣಿ ತಟ್ಟೆಗೆ ಮಗುಚಿದ ತೋಫು ಸ್ವಲ್ಪ ನಡುಗಿ, ಒಂದು ಮೂಲೆ ಕುಸಿದು ನಿಂತಿತು. "ಗಟ್ಟಿ ತೋಫು ಬಿಟ್ಟು ರೇಷ್ಮೆ ತೋಫು ತಂದಿದ್ದೀರಲ್ಲ! ಇದರಲ್ಲಿ ಕಡ್ಡಿನೂ ನಿಲ್ಲಲ್ಲ, ಇನ್ನು ಲೋಹ ನಿಲ್ಲುತ್ತಾ? ಇಷ್ಟು ವರ್ಷ ಲ್ಯಾಬಲ್ಲಿದ್ದೀರಿ, ಯಾವುದು ಗಟ್ಟಿ ಯಾವುದು ಮೆತ್ತಗೆ ಅಂತ ನಿಮಗೇ ಗೊತ್ತಾಗ್ಲಿಲ್ವಾ?" ಸುತ್ತ ಇದ್ದ ವಿದ್ಯಾರ್ಥಿಗಳು ಕಿಸಕ್ಕೆಂದರು. ಯಾರೋ ಒಂದು ತುಣುಕು ಚುಚ್ಚಿದರು. ಅದು ಒಂದು ಕ್ಷಣ ನೆಟ್ಟಗೆ ನಿಂತು, ಯೋಚಿಸಿ, ನಿಧಾನವಾಗಿ ವಾಲಿ ಮುಳುಗಿತು. ತೊರಿಗೊಯೆಯ ಕಿವಿ ಕೆಂಪಾಯಿತು. ಹೋಗಿ ಬೇರೆ ತರುತ್ತೇನೆ ಎಂದ. "ಬೇಡ ಬಿಡಿ, ಸಂಜೆ ಪೂಜೆಗೆ ಇದರಲ್ಲೇ ಸುಧಾರಿಸೋಣ. ನೀವು ಹೋಗಿ ಸೆನ್ಸೇ ಕನ್ನಡಕ ಹುಡುಕಿಕೊಡಿ. ಬೆಳಿಗ್ಗೆಯಿಂದ ಇಲ್ಲ ಅಂತ ಒದ್ದಾಡ್ತಿದ್ದಾರೆ. ಆ ಮನುಷ್ಯ ಕನ್ನಡಕದ ಪೆಟ್ಟಿಗೆ ಮಾತ್ರ ಎದೆಗೆ ಕಟ್ಟಿಕೊಂಡು ಓಡಾಡ್ತಾರೆ, ಕನ್ನಡಕ ಕಂಡಕಂಡಲ್ಲಿ ಬಿಸಾಕ್ತಾರೆ. ಎರಡು ಸಲ ಅದರ ಮೇಲೇ ಕೂತು ಮುರ್ಕೊಂಡಿದ್ದಾರೆ, ಗೊತ್ತಾ?" ಕನ್ನಡಕ ಕಾಫಿ ಯಂತ್ರದ ಮೇಲಿತ್ತು. ಅದನ್ನು ಹಿಡಿದುಕೊಂಡು ಹೋಗಲು ಒಂದು ನೆಪ ಸಿಕ್ಕಿತಲ್ಲ ಎಂದುಕೊಂಡ. ಸಿಕ್ಕದಿದ್ದರೆ ಇವತ್ತೂ ಹೋಗುತ್ತಿರಲಿಲ್ಲ ಎಂದೂ ಅನ್ನಿಸಿ ತನ್ನ ಮೇಲೇ ಹೇಸಿಗೆಯಾಯಿತು.

ಸೆನ್ಸೇಯ ಕೋಣೆಯ ಬಾಗಿಲಲ್ಲಿ ನಿಂತು, ರೈಲಿನಲ್ಲಿ ಕಂಠಪಾಠ ಮಾಡಿದ್ದ ಮಾತನ್ನು ಒಳಗೊಳಗೇ ಹೇಳಿಕೊಂಡ. ಸೆನ್ಸೇ, ತುಂಬ ತಡವಾಗಿ ಹೇಳುತ್ತಿದ್ದೇನೆ, ಕ್ಷಮಿಸಬೇಕು. ಅದರ ಮುಂದಿನದು ಮರೆತುಹೋಯಿತು. "ಏನಯ್ಯಾ, ಒಳಗೆ ಬಾ, ಬಾಗಿಲು ತೆಗೆದು ನಿಂತು ಚಳಿ ಬಿಡ್ಬೇಡ" ಎಂದರು ಕನೆಶಿಗೆ ಸೆನ್ಸೇ. ಅರ್ಧ ಕಟ್ಟಿದ ಪೆಟ್ಟಿಗೆಗಳ ನಡುವೆ ಕೂತಿದ್ದರು. ಕಪಾಟುಗಳು ಖಾಲಿಯಾಗಿ ಕೋಣೆ ಯಾರದೋ ಆಗಿತ್ತು. ಕನ್ನಡಕ ಕೊಟ್ಟ. ಅವರು ಹಾಕಿಕೊಂಡು ಅವನನ್ನು ನೋಡಿದರು. ಕನ್ನಡಕವಿಲ್ಲದಾಗಲೇ ಮಾತಾಡಬೇಕಿತ್ತು.

"ಸೆನ್ಸೇ, ಆ ಪದರದ ಹಾಳೆದು... ಒಂದು ತುಣುಕು ನಿಮ್ಮ ಹತ್ರ ಇದೆಯಲ್ಲ."

"ಇದೆ. ಯಾಕೆ?"

"ಎಳೆದು ನೋಡೋಣ ಅಂತ. ಈಗ ಕ್ಯಾಮೆರಾ ಇದೆ, ದವಡೆ ಹೊಸದು. ಉಪನ್ಯಾಸಕ್ಕೆ ಚಿತ್ರನೂ ಚೆನ್ನಾಗಿ ಬರುತ್ತೆ..." ಹೇಡಿ, ಎಂದು ತನ್ನನ್ನೇ ಬೈದುಕೊಂಡ. ಚಿತ್ರಕ್ಕಂತೆ!

ಹೀಟರಿನ ಮೇಲಿನ ಕೆಟಲ್ಲು ಗುಂಯ್‌ಗುಟ್ಟುತ್ತಿತ್ತು. ಸೆನ್ಸೇ ಅಂಗಿಯ ಒಳಜೇಬಿನ ಮೇಲೆ ಕೈಯಿಟ್ಟುಕೊಂಡು, ಹವಾಮಾನದ ವಿಷಯ ಹೇಳುವವರ ಹಾಗೆ ಹೇಳಿದರು: "ಅವತ್ತು ನೀನು ಗೆರೆ ಎಳೆದಿರ್ಲಿಲ್ಲ."

ತೊರಿಗೊಯೆ ಪೆಟ್ಟಿಗೆಯೊಂದರ ಮೇಲೆ ಕೂತುಬಿಟ್ಟ. ಅದರೊಳಗೆ ಏನೋ ಲಟಕ್ಕೆಂದಿತು. "ನಿಮಗೆ... ಗೊತ್ತಿತ್ತಾ?"

"ಹಿಂದೆ ನಿಂತಿದ್ದೆನಲ್ಲೋ. ದವಡೆ ಕಾಣಿಸ್ತಿತ್ತು, ಗೆರೆ ಕಾಣಿಸ್ಲಿಲ್ಲ. ಕೇಳ್ಬೇಕು ಅಂತ ಬಾಯಿ ತೆಗೆದೆ. ಅಷ್ಟರಲ್ಲಿ ರೇಖೆ ಇಳೀತು." ಸೆನ್ಸೇ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಕೇಳಿದ್ರೆ ಆ ಇಳಿತ ಹೋಗ್ಬಿಡುತ್ತೇನೋ ಅಂತ ಭಯ ಆಯ್ತು. ನಾಳೆ ಕೇಳೋಣ ಅಂದ್ಕೊಂಡೆ. ನಿನಗೆ ಮಗು ಆಯ್ತು, ಸಿಹಿ ತಂದ್ಕೊಟ್ಟೆ, ಮುಖದಲ್ಲಿ ಅಷ್ಟು ಸಂತೋಷ. ಹೇಗೆ ಕೇಳ್ಲಿ? ಆಮೇಲೆ ಎಲ್ರೂ ಹೊಗಳೋಕೆ ಶುರು ಮಾಡಿದ್ರು. ಹೊಗಳಿಕೆ ಬಂದ್ಮೇಲೆ ಕೇಳೋದು ಇನ್ನೂ ಕಷ್ಟ."

ಸಿಟ್ಟು ಬಂತು. ಎಂಥ ಸಿಟ್ಟೆಂದರೆ ಕೆಟಲ್ಲನ್ನು ಎತ್ತಿ ಎಸೆಯಬೇಕೆನ್ನಿಸಿತು. ಡಿಸೆಂಬರಿನಿಂದ ಒಬ್ಬನೇ ಎದೆಯಲ್ಲಿ ಕಲ್ಲಿಟ್ಟುಕೊಂಡು ಓಡಾಡಿದ್ದೇನೆ, ಮಗಳು ಅಪ್ಪಾ ಎಂದರೆ ಬೆಚ್ಚಿದ್ದೇನೆ, ಈ ಮುದುಕನಿಗೆ ಮೊದಲ ದಿನದಿಂದ ಗೊತ್ತಿತ್ತು! ಆದರೆ ಸಿಟ್ಟು ಬಂದ ಹಾಗೇ ಸುಮ್ಮನೆ ಕರಗಿತು. ಎದುರಿಗೆ ಕೂತಿದ್ದವರ ಕೈ ಮತ್ತೆ ಒಳಜೇಬನ್ನು ಒತ್ತಿ ಹಿಡಿದಿತ್ತು. ಇವರೂ ಹೆದರಿದ್ದಾರೆ. ಏಳು ವರ್ಷ, ತನಗಿಂತ ಎಷ್ಟೋ ಹೆಚ್ಚು ಕಾಲ, ಇವರು ಒಬ್ಬರೇ ಹೆದರಿಕೊಂಡಿದ್ದಾರೆ. ಸೆನ್ಸೇ ಒಳಜೇಬಿನಿಂದ ಕನ್ನಡಕದ ಪೆಟ್ಟಿಗೆ ತೆಗೆದರು. ಒಳಗೆ ಬಟ್ಟೆಯಲ್ಲಿ ಸುತ್ತಿದ ತುಣುಕು, ನಡು ಸಣ್ಣಗೆ, ತುದಿಗಳು ಅಗಲ, ಮೊನ್ನೆ ಕತ್ತರಿಸಿದಷ್ಟು ಹೊಳಪು. "ನೆನಪಿಗೆ ಅಂತ ಎಲ್ರಿಗೂ ಹೇಳಿದ್ದೆ. ನೆನಪೂ ಇಲ್ಲ, ಮಣ್ಣೂ ಇಲ್ಲ. ಎಷ್ಟು ಸಲ ಇದನ್ನ ಯಂತ್ರದ ತನಕ ತಗೊಂಡು ಹೋಗಿದ್ದೀನಿ! ಅಲ್ಲಿ ಯಾರಾದ್ರೂ ಇದ್ರೆ ಸಾಕು, ಏನೋ ನೆನಪಾದವನ ಹಾಗೆ ವಾಪಸ್. ನೀನು ಬಂದೆಯಲ್ಲ. ಒಳ್ಳೇದಾಯ್ತು. ನಡಿ."

ತುಣುಕಿಗೆ ಬಿಳಿ ಬಣ್ಣ ಊದಿ, ಅದರ ಮೇಲೆ ಕಪ್ಪು ಚುಕ್ಕೆಗಳನ್ನು ಸಿಂಪಡಿಸಿದರು. ತುಣುಕು ಎಲ್ಲಿ ಹಿಗ್ಗಿದರೆ ಅಲ್ಲಿ ಚುಕ್ಕೆಗಳು ಒಂದನ್ನೊಂದು ಬಿಟ್ಟು ದೂರ ಸರಿಯಬೇಕು. ಬಣ್ಣ ಒಣಗುವ ತನಕ ಕ್ಯಾಂಟೀನಿನಲ್ಲಿ ಉದೋನ್ ಶಾವಿಗೆ ತಿಂದರು. ಇಬ್ಬರೂ ಬಟ್ಟಲಿನೊಳಗೇ ನೋಡುತ್ತಿದ್ದರು. ಇಳಿತ ಬರದಿದ್ದರೆ? ಅಥವಾ ಬಂದು, ಗೆರೆಯೂ ಜಾರಿದ್ದರೆ? ಸಭಾಂಗಣದಲ್ಲಿ ನಿಂತು ಸೆನ್ಸೇ ಏನು ಹೇಳಬೇಕು? ಮೂವತ್ತು ವರ್ಷ ಬ್ರಷ್ ತಿಕ್ಕಿದ್ದು ಒಂದು ಸವೆದ ಹಲ್ಲಿಗಾಗಿ ಎಂದೇ? "ತಿನ್ನಯ್ಯ, ಆರ್ತಿದೆ" ಎಂದರು ಸೆನ್ಸೇ. ಅವರ ಬಟ್ಟಲು ಖಾಲಿಯಾಗಿತ್ತು. ಆದರೆ ಚಾಪ್‌ಸ್ಟಿಕ್ಕಿನ ಹಿಂಬದಿಯಿಂದ ತಿಂದಿದ್ದರು, ಅದು ಅವರಿಗೇ ಗೊತ್ತಾಗಿರಲಿಲ್ಲ. ಅದನ್ನು ನೋಡಿ ತೊರಿಗೊಯೆಗೆ ಅವರ ಮೇಲೆ ಇದುವರೆಗೆ ಆಗದಷ್ಟು ಪ್ರೀತಿಯಾಯಿತು.

ಯಂತ್ರದ ಕೋಣೆಯಲ್ಲಿ ಯಾರೂ ಇರಲಿಲ್ಲ. ತುಣುಕನ್ನು ದವಡೆಗಳಿಗೆ ಕೊಟ್ಟು ಬಿಗಿದ. ಸೆನ್ಸೇ ಕಪ್ಪು ಪೆನ್ನಿನ ಮುಚ್ಚಳ ತೆಗೆದು ಅವನ ಕೈಗಿತ್ತರು. ಮೇಲೊಂದು, ಕೆಳಗೊಂದು. ಕೆಳಗಿನದು ತುಸು ಓರೆಯಾಯಿತು. "ಸೊಟ್ಟಗಾಯ್ತು, ಸೆನ್ಸೇ." "ಸೊಟ್ಟಗಾದ್ರೂ ಗೆರೆ ಗೆರೆನೇ. ಒತ್ತು." ಒತ್ತಿದ. ಮೋಟಾರು ಗುನುಗತೊಡಗಿತು. ಪರದೆಯಲ್ಲಿ ರೇಖೆ ನೆಟ್ಟಗೆ ಏರಿತು. ಈಗ ಇಡೀ ತುಣುಕು ಒಂದೇ ಸಮ ಬಿಗಿದುಕೊಳ್ಳುತ್ತಿದೆ, ಈಗ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಹಿಂದಿನ ಉದ್ದಕ್ಕೇ ಮರಳುತ್ತದೆ. ಇಲ್ಲಿಯವರೆಗೆ ಯಾರಿಗೂ ಏನೂ ಆಗಿಲ್ಲ. ಬಿಟ್ಟುಬಿಡಬಹುದು. ಗುಂಡಿಯ ಮೇಲೆ ಅವನ ಬೆರಳು ಇನ್ನೂ ಇತ್ತು. ಗಟ್ಟಿ ಪದರ ಒಂದೇ ಆಗಿದ್ದರೆ ಒಂದು ಕಡೆ ಸಣ್ಣಗಾಗಿ ಪಟ್ಟನೆ ಹರಿಯುತ್ತಿತ್ತು. ಅದನ್ನು ಎರಡು ಪಕ್ಕದಲ್ಲೂ ಮೆದು ಪದರಗಳು ಹಿಡಿದುಕೊಂಡಿವೆ, ಹರಿಯಲು ಬಿಡುವುದಿಲ್ಲ. ಮೆದು ಪದರ ಸೋತು ಹರಿದುಹೋಗದಂತೆ ಗಟ್ಟಿಯದು ತಡೆಯುತ್ತದೆ. ಹಾಗೆಂದು ಅವರು ಬರೆದಿದ್ದರು. ಹಾಗೆಂದು ಜಗತ್ತು ನಂಬಿತ್ತು. ಪಕ್ಕದಲ್ಲಿ ಸೆನ್ಸೇಯ ಉಸಿರೇ ಕೇಳಿಸುತ್ತಿರಲಿಲ್ಲ. ಉಸಿರು ಬಿಡಿ ಎನ್ನಬೇಕೆಂದುಕೊಂಡ, ತಾನೂ ಬಿಟ್ಟಿರಲಿಲ್ಲ.

ಟಕ್.

ಅದೇ ಸದ್ದು. ಕೂದಲೆಳೆಯಷ್ಟೂ ಬೇರೆಯಲ್ಲ. ರೇಖೆ ಸರಕ್ಕನೆ ಇಳಿಯಿತು. ತೊರಿಗೊಯೆ ಕಣ್ಣು ಮುಚ್ಚಿಕೊಂಡ. ಮುಗಿಯಿತು. ಹೊಸ ದವಡೆಯೂ ಜಾರಿತು, ಜಾರುವುದೇ ಅದರ ಹಣೆಬರಹ, ಮಾರ್ಚಿನ ಸಭೆ, ಹೂವು, ಊಟ, ಮಗಳು. "ಕಣ್ಣು ಬಿಡೋ!" ಎಂದು ಸೆನ್ಸೇ ಕೂಗಿದರು. ಅವರು ಆಗಲೇ ಮಂಡಿಯೂರಿ ಕೂತು ದವಡೆಯ ಹತ್ತಿರ ಮುಖ ತಂದಿದ್ದರು. ಅವನೂ ಬಗ್ಗಿದ. ಮೇಲಿನ ಗೆರೆ ಅಂಚಿಗೆ ಅಂಟಿಕೊಂಡಂತೆಯೇ ಇತ್ತು. ಕೆಳಗಿನ ಸೊಟ್ಟ ಗೆರೆಯೂ ಅಷ್ಟೇ, ಸೊಟ್ಟಗೇ, ತನ್ನ ಜಾಗದಲ್ಲೇ. ಜಾರಿಲ್ಲ. ಎರಡೂ ಜಾರಿಲ್ಲ! ಮತ್ತೆ ನಡುವೆ ನೋಡಿದರೆ, ಬಿಳಿ ಮೈಯ ಮೇಲೆ ಅಕ್ಕಿಕಾಳಿನಷ್ಟು ಅಗಲದ ಓರೆ ಪಟ್ಟಿಯೊಂದರಲ್ಲಿ ಚುಕ್ಕೆಗಳು ಒಂದನ್ನೊಂದು ಬಿಟ್ಟು ಸರಿದಿದ್ದವು. ಅದರ ಆಚೆ ಈಚೆ ಏನೂ ಗೊತ್ತಿಲ್ಲದ ಹಾಗೆ ಒತ್ತಾಗಿ ಕೂತಿದ್ದವು. ಪಟ್ಟಿ ನಿಧಾನವಾಗಿ ನಡೆಯಲು ಶುರುಮಾಡಿತು. ಒಂದು ಜಾಗ ಸೋತು, ಸೋತಲ್ಲೇ ಗಟ್ಟಿಯಾಗಿ, ಪಕ್ಕದ ಜಾಗಕ್ಕೆ ಸರದಿ ದಾಟಿಸುತ್ತಾ, ಟಕ್, ಟಕ್ ಎಂದು ಸಣ್ಣಗೆ ಸದ್ದು ಮಾಡುತ್ತಾ, ತುಣುಕಿನ ಉದ್ದಕ್ಕೂ ಸಾಗಿತು. ಹಾಗಾದರೆ ಆ ಸದ್ದು ದವಡೆಯದಲ್ಲ. ಅದು ಇದರದೇ ದನಿ. ಇಷ್ಟು ದಿನ ಕಿವಿಯಲ್ಲಿ ಕೂತು ಅದು ನಿಜವನ್ನೇ ಹೇಳುತ್ತಿತ್ತು, ಇವನು ಬೈಗುಳ ಎಂದುಕೊಂಡಿದ್ದ! ಅವನಿಗೆ ಅಳು ಬಂತು, ಅದು ಹೊರಬರುವಾಗ ನಗುವಾಗಿತ್ತು. ಜೀವನದಲ್ಲಿ ಮೊದಲ ಸಲ ಅವನೇ ಮೊದಲು ನಕ್ಕ. "ನೋಡ್ದಾ, ನೋಡ್ದಾ" ಎಂದು ಸೆನ್ಸೇ ನೆಲದ ಮೇಲೇ ಕೂತು ಅವನ ಹೆಗಲು ಹಿಡಿದರು. ಅದೇ ಹಿಡಿತ, ಅದೇ ನೋವು. "ಏಳ್ಸಯ್ಯ ನನ್ನ. ಮಂಡಿ ಹಿಡ್ಕೊಂಡುಬಿಡ್ತು." ಅವನು ಎತ್ತಿ ನಿಲ್ಲಿಸಿದ. ಮನುಷ್ಯ ಎಷ್ಟು ಹಗುರ ಎಂದು ಆಶ್ಚರ್ಯವಾಯಿತು. ಪಟ್ಟಿ ತುದಿ ಮುಟ್ಟಿತು, ರೇಖೆ ಸಮತಟ್ಟಾಗಿ ಇನ್ನೂ ದೂರ ಹೋಯಿತು, ಕೊನೆಗೆ ನಡು ಸಣ್ಣಗಾಗಿ ತುಣುಕು ಎರಡಾಯಿತು. ಇಬ್ಬರಿಗೂ ಸ್ವಲ್ಪವೂ ಬೇಸರವಾಗಲಿಲ್ಲ.

ಸಂಜೆ ಎಲ್ಲರೂ ತಟ್ಟೆಯ ಸುತ್ತ ಸೇರಿದರು. ತೋಫುವಿನಲ್ಲಿ ಆಗಲೇ ಹತ್ತಾರು ತುಣುಕುಗಳು ವಾಲಾಡಿ, ಮುಳುಗಿ, ಅದು ಹಾಲು ಒಡೆದಂತಾಗಿತ್ತು. "ನೋಡಿ ಸೆನ್ಸೇ, ನಿಮ್ಮ ಶಿಷ್ಯನ ಘನಕಾರ್ಯ. ಕೊನೇ ವರ್ಷದ ಪೂಜೆ ಹೀಗೆ ಕೆಡಿಸಿದ್ರು" ಎಂದರು ಉಬುಕಾತಾ-ಸಾನ್. ಸೆನ್ಸೇ ಮಧ್ಯಾಹ್ನ ಮುರಿದ ತುಣುಕಿನ ಎರಡು ಅರ್ಧಗಳಲ್ಲಿ ಒಂದನ್ನು ತೊರಿಗೊಯೆಗೆ ಕೊಟ್ಟು, ಇನ್ನೊಂದನ್ನು ತಾವೇ ಚುಚ್ಚಿದರು. ಅದು ನಿಲ್ಲುವ ಪ್ರಯತ್ನವನ್ನೂ ಮಾಡದೆ ಸೀದಾ ಕೆಳಗಿಳಿದು, ತಟ್ಟೆಯ ತಳ ಮುಟ್ಟಿ, ಕಾಣದಾಯಿತು. "ಪಾಪ, ಇದಕ್ಕೆ ನಿಂತು ನಿಂತು ಸಾಕಾಗಿತ್ತು. ಮಲಗ್ಲಿ ಬಿಡಿ" ಎಂದರು ಸೆನ್ಸೇ, "ಇವತ್ತು ಇಷ್ಟು ಮೆತ್ತಗಿರೋದೇ ಬೇಕಿತ್ತು." ತೊರಿಗೊಯೆಯೂ ಪಕ್ಕದಲ್ಲಿ ತನ್ನ ಅರ್ಧವನ್ನು ಬಿಟ್ಟ. ಕೈಮುಗಿದರು.

ಕೈಮುಗಿದು ಎದ್ದ ಮೇಲೆ ಸೆನ್ಸೇ ಕನ್ನಡಕ ತೆಗೆದು, ಬಿಸಿ ಉಸಿರು ಊದಿ, ಅಂಗಿಯ ತುದಿಯಿಂದ ನಿಧಾನವಾಗಿ ಒರೆಸಿದರು. ಒಳಜೇಬಿನಿಂದ ಪೆಟ್ಟಿಗೆ ತೆಗೆದು ಅದರಲ್ಲಿಟ್ಟು ಮುಚ್ಚಳ ಮುಚ್ಚಿದರು. ಟಕ್ ಎಂದಿತು. ತೊರಿಗೊಯೆ ಬೆಚ್ಚಲಿಲ್ಲ.

ಉಬುಕಾತಾ-ಸಾನ್ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. "ಅಲ್ಲ, ಕನ್ನಡಕ ಪೆಟ್ಟಿಗೆಗೆ ಹೋಯ್ತಲ್ಲ! ಹಾಗಾದ್ರೆ ಇಷ್ಟು ವರ್ಷ ಅದರಲ್ಲಿ ಏನಿಟ್ಕೊಂಡು ಓಡಾಡ್ತಿದ್ರಿ?"

ಇಬ್ಬರೂ ಒಟ್ಟಿಗೇ ತಟ್ಟೆಯ ಕಡೆ ನೋಡಿದರು.